ನಾನು ಎನ್ನಲು ಎರಡು ಮಾತು

ಕಾಯಿಹಾಲಲ್ಲಿ ಕಲಸಿ, ರಾತ್ರಿಯಿಡೀ ಉಬ್ಬಲು ಬಿಟ್ಟು
ನಸುಕಿಗೇ ಸುಟ್ಟ ಬನ್ನು, ಅರವತ್ತು.
ಮೇಲೊಂದು ಹೂವಿನ ಬಟ್ಟೆ. ತಲೆಯ ಮೇಲೆ ಬೋಗುಣಿ.
ಹೊಂಡುರಾಸಿನ ಈ ಮರಳಂಚಿನ ಊರಲ್ಲಿ
ತೆಯೋಫಿಲಾ ಎಂದರೆ ಯಾರೆಂದು ಕೇಳುತ್ತಾರೆ;
ಬನ್ನಿನವಳು ಎಂದರೆ ನಾಯಿಗಳೂ ಬಾಲ ಆಡಿಸುತ್ತವೆ.

ಬನ್ನಿನ ಕೆಳಗೆ ಬಾಳೆಯೆಲೆ.
ಎಲೆಯ ಕೆಳಗೆ ಏಳು ಡಬ್ಬಿ.
ತಿಂಗಳಿಗೊಮ್ಮೆ ಎರಡು ಬಸ್ಸು ಹಿಡಿದು, ಒಂದು ಹೊಳೆ ದಾಟಿ
ಪಟ್ಟಣದ ಆಸ್ಪತ್ರೆಯಿಂದ ತರುತ್ತೇನೆ.
ಯಾವ ಏಳು ಮನೆ ಎಂದು ಗಂಡನಿಗೂ ಹೇಳಿಲ್ಲ.
ಅವನು ಕೇಳಿಯೂ ಇಲ್ಲ;
ಅವನ ಜೊತೆ ಇಷ್ಟು ವರ್ಷ ಬಾಳಿದ್ದು ಅದಕ್ಕೇ ಇರಬೇಕು.

ಎಲ್ಲರ ಬಾಗಿಲಲ್ಲೂ ನಿಲ್ಲುತ್ತೇನೆ.
ಕೊಳ್ಳದವರ ಬಾಗಿಲಲ್ಲಿ, ಬೈಯುವವರ ಬಾಗಿಲಲ್ಲಿ
ಒಂದೇ ಅಳತೆಯ ಹೊತ್ತು.
ಡಬ್ಬಿ ಕೈ ಬದಲಿಸಲು ಎಷ್ಟು ಬೇಕೋ ಅಷ್ಟು.

ಸರ್ಕಾರ ಕಳಿಸಿದ ಕರಪತ್ರ ಸ್ಪ್ಯಾನಿಶಿನಲ್ಲಿತ್ತು.
ಚಿತ್ರದ ಹೆಂಗಸಿಗೆ ನೇರ ಕೂದಲು, ಚೂಪು ಮೂಗು,
ಬೆನ್ನ ಹಿಂದೆ ಫ್ರಿಜ್ಜು.
ಎದುರುಮನೆಯ ಮುದುಕಿ ಕ್ಲೆಮೆನ್ಸಿಯಾ ನೋಡಿ
'ಅಯ್ಯೋ ಪಾಪ, ಪಟ್ಟಣದವರಿಗೆ ಏನೋ ಬಂದಿದೆಯಂತೆ' ಎಂದು
ಅದೇ ಹಾಳೆಯಲ್ಲಿ ಮೀನು ಸುತ್ತಿ ಒಳಗಿಟ್ಟಳು.

ಹಾಗಾಗಿ ಹಾಳೆ ಬಿಟ್ಟೆ.
ಕಹಿ ಮರಗೆಣಸು ತುರಿಯುವ ದಿನ, ಹೆಂಗಸರ ನಡುವೆ ಕೂತು
ಗರಿಫುನದಲ್ಲೇ ಹೇಳಿದೆ.
ಹಾವಿನಂಥ ಉದ್ದ ಬಳ್ಳಿಚೀಲಕ್ಕೆ ತುರಿ ತುಂಬಿ
ತೂಗುಹಾಕಿ ಹಿಂಡಿದರೆ ಗೆಣಸಿನ ನಂಜು ಇಳಿದುಹೋಗುತ್ತದಲ್ಲ,
ಇದು ಹಾಗೆ ಇಳಿಯುವುದಿಲ್ಲ, ಎಂದೆ.
ಆದರೆ ದಿನ ತಪ್ಪದೆ ಗುಳಿಗೆ ನುಂಗಿದರೆ ಮಲಗುತ್ತದೆ.
ರಕ್ತ ಸೋಸಿ ಹುಡುಕಿದರೂ ಸಿಗದಷ್ಟು ಗಾಢವಾಗಿ ಮಲಗಿದರೆ,
ಮಲಗಿಯೇ ಇದ್ದರೆ,
ಹಾಸಿಗೆ ಹಂಚಿಕೊಂಡವರಿಗೂ ದಾಟುವುದಿಲ್ಲ.

'ತಟ್ಟೆ ಹಂಚಿಕೊಂಡರೆ?'
ತಟ್ಟೆಯಿಂದ ಎಂದೂ ದಾಟಿದ್ದಿಲ್ಲ.

'ನನ್ನ ತಂಗಿಗೆ ಬೇರೆ ತಟ್ಟೆ ಇಟ್ಟಿದ್ದೆವು'
ಎಂದಳು ಒಬ್ಬಳು, ಕೈ ನಿಲ್ಲಿಸಿ. 'ಕೊನೆಯವರೆಗೂ.'

ಆಮೇಲೆ ಬಹಳ ಹೊತ್ತು ತುರಿಮಣೆಯ ಸದ್ದಿರಲಿಲ್ಲ.

*

ನಮ್ಮ ಮಾತಲ್ಲಿ ನಾನು ಎನ್ನಲು ಎರಡು ಪದ.
ಗಂಡಸು ಔ ಎನ್ನಬೇಕು,
ಹೆಂಗಸು ನುಗುಯಾ.
ಅಜ್ಜಿಯರು ಕಿವಿ ಹಿಂಡಿ ಕಲಿಸಿದ್ದು.

ಶನಿವಾರ ಸಂಜೆ ಶಾಲೆಯ ಕೋಣೆಯಲ್ಲಿ ಸೇರುತ್ತೇವೆ,
ಕಿಟಕಿಗೆ ಚಾದರ ಕಟ್ಟಿ.
ಅವತ್ತು ಬಸಿಲಿಯೋ ಎದ್ದ. ಹಡಗಿನಲ್ಲಿ ಹದಿನಾರು ವರ್ಷ
ಹಗ್ಗ ಎಳೆದು ಗಡುಸಾದ ಕೈ, ಹೊರಡದ ಗಂಟಲು.
ಔ, ಎಂದ.
ಅಲ್ಲಿಗೇ ಸಿಕ್ಕಿಕೊಂಡ, ದಂಡೆಗೆ ತಾಗಿದ ದೋಣಿಯ ಹಾಗೆ.
ಯಾರೂ ಅವನ ಮಾತು ಮುಗಿಸಿಕೊಡಲಿಲ್ಲ.

ಮೂಲೆಯಿಂದ ಡೆಲ್ವಿನ್, ಇಪ್ಪತ್ತು ತುಂಬದ ಹುಡುಗ,
ಮದುವೆಗಳಲ್ಲಿ ಎಲ್ಲರ ಜಡೆ ಹೆಣೆಯುವವನು,
ಮನೆಯವರು ಹೊರಗಟ್ಟಿದ ಮೇಲೆ ನಮ್ಮ ಒಲೆಯ ಪಕ್ಕ ಮಲಗುವವನು,
ನುಗುಯಾ, ಎಂದ.
ನನಗೂ ಇದೆ. ಎರಡು ವರ್ಷವಾಯಿತು.

ಯಾರೋ ಕಿಸಕ್ಕೆಂದರು, ರೋಗಕ್ಕಲ್ಲ,
ಆ ಪದಕ್ಕೆ.
ನಗು ಅರ್ಧಕ್ಕೇ ನಿಂತಿತು.
ಬಸಿಲಿಯೋ ಬೆಂಚಿನ ಮೇಲೆ ಕೂತು, ಸ್ವಲ್ಪ ಸರಿದು
ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ.
ಹುಡುಗ ಬಂದು ಕೂತ.

*

ಮರುದಿನ ಎಂದಿನಂತೆ ಎಲ್ಲರ ಬಾಗಿಲು, ಒಂದೇ ಅಳತೆ.
ಬಸಿಲಿಯೋ ಮೂರು ಬನ್ನು ತೆಗೆದುಕೊಂಡು
ಎರಡಕ್ಕೆ ಕಾಸು ಕೊಟ್ಟ. ಹಳೆಯ ಚಾಳಿ.
ಬಾಕಿ ಯಾರ ಲೆಕ್ಕಕ್ಕೆ ಬರೆಯಲಿ, ಎಂದೆ.

ಔ, ಎಂದ,
ಬೀದಿಗೆಲ್ಲ ಕೇಳುವಂತೆ.